ಅಳೆದು ಕೊಟ್ಟ ಅಂತರಿಕ್ಷ

ಮಂಗಳಕ್ಕೆ ಮನುಷ್ಯರನ್ನು ಕಳಿಸುವ ಮಾತು ಬಂದಾಗಲೆಲ್ಲ ರಾಕೆಟ್ಟಿನ ಗಾತ್ರ, ಇಂಧನ, ಖರ್ಚು ಇವೇ ಚರ್ಚೆಯಲ್ಲಿ ಮುಂದಿರುತ್ತವೆ. ದಾರಿಯುದ್ದಕ್ಕೂ ದೇಹವನ್ನು ಹಾಯ್ದುಹೋಗುವ ವಿಕಿರಣದ ವಿಷಯಕ್ಕೆ ಬಂದರೆ ಒಂದು ಅಂಕಿ ಹೇಳಿ ಮುಗಿಸುವುದು ರೂಢಿ. ಅಂಕಿಯೇನೋ ನಮ್ಮ ಬಳಿ ಇದೆ. ಕ್ಯೂರಿಯಾಸಿಟಿ ರೋವರ್ 2011–12ರಲ್ಲಿ ಮಂಗಳಕ್ಕೆ ಹೋಗುವಾಗ ಅದರೊಳಗಿದ್ದ ಮಾಪಕ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ ದಾಖಲಿಸಿತು. ಮಂಗಳದ ನೆಲದ ಮೇಲೆ ಅದು ದಿನಕ್ಕೆ 0.64ರ ಆಸುಪಾಸಿಗೆ ಇಳಿಯಿತು. ಹೋಗಿ, ಇದ್ದು, ಮರಳುವ ಸುಮಾರು ಮೂರು ವರ್ಷಗಳಿಗೆ ಕೂಡಿಸಿದರೆ ಹತ್ತಿರ ಹತ್ತಿರ 1 ಸೀವರ್ಟ್. ನಾಸಾ ತನ್ನ ಗಗನಯಾತ್ರಿಗಳಿಗೆ ವೃತ್ತಿಜೀವನದ ಒಟ್ಟು ಮಿತಿಯೆಂದು ಇಟ್ಟುಕೊಂಡಿರುವುದು 600 ಮಿಲಿಸೀವರ್ಟ್.

ಈ ಅಂಕಿಯೊಳಗೆ ಒಂದು ತೀರ್ಪು ಅಡಗಿದೆ. ಮಾಪಕದ ದಾಖಲೆಯಿಂದ ಮೊದಲು ಸಿಗುವುದು ಅಂಗಾಂಶದಲ್ಲಿ ಇಳಿದ ಶಕ್ತಿಯ ಲೆಕ್ಕ: ದಿನಕ್ಕೆ ಸುಮಾರು 0.48 ಮಿಲಿಗ್ರೇ. ಅದು 1.8 ಆದದ್ದು ಹೆಚ್ಚುಕಡಿಮೆ 3.8ರಿಂದ ಗುಣಿಸಿದ ಮೇಲೆ. ಇಷ್ಟೇ ಶಕ್ತಿಯನ್ನು ಗಾಮಾ ಕಿರಣ ತಂದು ಸುರಿದಿದ್ದರೆ ಆಗುತ್ತಿದ್ದ ಕೇಡಿಗಿಂತ ಅಂತರಿಕ್ಷದ ಕಣಗಳು ಎಷ್ಟು ಪಟ್ಟು ಹೆಚ್ಚು ಕೇಡು ಮಾಡಬಲ್ಲವು ಎಂಬ ಅಂದಾಜು ಈ ಗುಣಕದಲ್ಲಿದೆ. ಅದು ಎಲ್ಲಿಂದ ಬರಬೇಕು? ಮನುಷ್ಯರ ಮೇಲೆ ವಿಕಿರಣ ಮಾಡುವ ಹಾನಿಯ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರ ದೇಹಗಳಿಂದ ಬಂದದ್ದು. ಅವರಿಗೆ ತಗುಲಿದ್ದು ಮುಖ್ಯವಾಗಿ ಗಾಮಾ ಕಿರಣ, ಅದೂ ಕ್ಷಣಮಾತ್ರದಲ್ಲಿ. ಅಪೊಲೊ ಯುಗದಲ್ಲಿ ಭೂಮಿಯ ಕಾಂತಕ್ಷೇತ್ರದ ಆಸರೆ ದಾಟಿ ಚಂದ್ರನತ್ತ ಹೋದವರು 24 ಮಂದಿ. ಅವರಲ್ಲಿ ಯಾರ ಪಯಣವೂ ಎರಡು ವಾರ ಮುಟ್ಟಲಿಲ್ಲ. ಇಷ್ಟರಿಂದ ಮೂರು ವರ್ಷದ ಅಪಾಯ ಹೇಳಲಾಗದು. ಉಳಿದಿರುವುದು ಒಂದೇ ದಾರಿ: ಅಂಥ ಕಣಗಳನ್ನು ನೆಲದ ಮೇಲೆ ತಯಾರಿಸಿ, ಜೀವಕೋಶಗಳಿಗೂ ಇಲಿಗಳಿಗೂ ತಗುಲಿಸಿ, ಏನಾಗುತ್ತದೆಂದು ಕಾದು ನೋಡುವುದು.

ಹಾಗಾಗಿ ಮಂಗಳಯಾನದ ಅಪಾಯದ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಒಂದು ವೇಗವರ್ಧಕದ ಸುರಂಗದ ತುದಿಯಲ್ಲಿ, ಈ ಪಂಜರದಲ್ಲಿದ್ದ ಇಲಿಗೆ ಯಾವ ಕಣ, ಎಷ್ಟು, ಎಷ್ಟು ಸಮವಾಗಿ ತಗುಲಿತು ಎಂಬ ಪ್ರಶ್ನೆಯ ಮುಂದೆ. ಅದಕ್ಕೆ ಉತ್ತರ ಕೊಡುವುದು ಜೀವವಿಜ್ಞಾನ ಅಲ್ಲ, ಕಾಂತಗಳಿಂದ ಕಣಪುಂಜವನ್ನು ತಿದ್ದುವ ಪುಂಜದೃಗ್ವಿಜ್ಞಾನ. ಪ್ರಯೋಗಾಲಯದ ಅಂತರಿಕ್ಷ ನಿಜವಾದ ಅಂತರಿಕ್ಷವನ್ನು ಎಷ್ಟು ಹೋಲುತ್ತದೆ ಎಂದು ಕೇಳುವವರು ಬಹಳ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಅಲ್ಲಿ ಕೊಟ್ಟದ್ದು ಏನೆಂದು ನಮಗೆ ಎಷ್ಟು ಖಚಿತವಾಗಿ ಗೊತ್ತಿದೆ ಎಂಬುದು. ಹೋಲಿಕೆ ಅಪೂರ್ಣವಾಗಿದ್ದರೂ ಕೊಟ್ಟದ್ದು ತಿಳಿದಿದ್ದರೆ ಲೆಕ್ಕವನ್ನು ತಿದ್ದಬಹುದು. ಕೊಟ್ಟದ್ದೇ ಅಸ್ಪಷ್ಟವಾಗಿದ್ದರೆ ಹೋಲಿಕೆ ಎಷ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ ಎಂಬುದು ನನ್ನ ವಾದ.

ಈ ಕೆಲಸದ ಅತ್ಯುತ್ತಮ ಉದಾಹರಣೆ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದೆ. ನಾಸಾದ ಅಂತರಿಕ್ಷ ವಿಕಿರಣ ಪ್ರಯೋಗಾಲಯ ಅಲ್ಲಿ 2003ರಿಂದ ನಡೆಯುತ್ತಿದೆ. ಬೂಸ್ಟರ್ ಎಂಬ ಸಿಂಕ್ರೊಟ್ರಾನ್ ಅಯಾನುಗಳನ್ನು ಸುತ್ತಿಸಿ ವೇಗ ಕೊಡುತ್ತದೆ. ಅಲ್ಲಿಂದ ಅವನ್ನು ನಿಧಾನವಾಗಿ, ಕೆಲವು ಸೆಕೆಂಡುಗಳಿಗೊಮ್ಮೆ ಒಂದೊಂದು ಕಂತಿನಂತೆ ಹೊರಕ್ಕೆ ಹರಿಸಿ, 100 ಮೀಟರ್ ಉದ್ದದ ಸುರಂಗದಲ್ಲಿ ಸಾಗಿಸಿ, ಕೊನೆಯ ಕೋಣೆಯಲ್ಲಿಟ್ಟ ಮಾದರಿಗಳ ಮೇಲೆ ಬೀಳಿಸುತ್ತಾರೆ. ಬೂಸ್ಟರನ್ನು ಬಿಟ್ಟು ಬರುವಾಗ ತೆಳುವಾದ ಲೋಹದ ಹಾಳೆಯೊಂದನ್ನು ಹಾಯಿಸಿ, ಅಯಾನಿಗೆ ಅಂಟಿಕೊಂಡು ಉಳಿದಿದ್ದ ಎಲೆಕ್ಟ್ರಾನುಗಳನ್ನು ಕಿತ್ತುಹಾಕಲಾಗುತ್ತದೆ. ಅಂತರಿಕ್ಷದಿಂದ ಬರುವ ಕಬ್ಬಿಣವೂ ಹೀಗೆಯೇ, ಬರೀ ನ್ಯೂಕ್ಲಿಯಸ್ ಆಗಿ ಬರುತ್ತದೆ.

ಕಬ್ಬಿಣದ ಹೆಸರು ಯಾಕೆ ಬಂತೆಂದರೆ, ಗ್ಯಾಲಕ್ಸಿಯ ಕಾಸ್ಮಿಕ್ ಕಿರಣಗಳಲ್ಲಿ ಸುಮಾರು ಶೇ. 87 ಪ್ರೋಟಾನುಗಳು, ಶೇ. 12 ಹೀಲಿಯಂ, ಉಳಿದ ಶೇ. 1ರಷ್ಟು ಅದಕ್ಕಿಂತ ಭಾರವಾದವು. ಎಣಿಕೆಯಲ್ಲಿ ನಗಣ್ಯವಾದ ಈ ಭಾರದ ಕಣಗಳೇ ನಿಜವಾದ ಚಿಂತೆ. ಒಂದೇ ವೇಗದಲ್ಲಿ ಓಡುವ ಕಣಗಳು ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿ ಅವುಗಳ ವಿದ್ಯುದಂಶದ ವರ್ಗಕ್ಕೆ ಅನುಗುಣ. ಕಬ್ಬಿಣದ ವಿದ್ಯುದಂಶ 26. ಅದರ ವರ್ಗ 676. ಒಂದು ಕಬ್ಬಿಣದ ನ್ಯೂಕ್ಲಿಯಸ್ ಡಿಎನ್‌ಎ ಎಳೆಯ ಪಕ್ಕದಲ್ಲಿ ಹಾಯ್ದರೆ ಅಲ್ಲಿ ಬೀಳುವ ಪೆಟ್ಟು ಪ್ರೋಟಾನಿನದಕ್ಕಿಂತ 676 ಪಟ್ಟು. ಚದುರಿದ ಸಣ್ಣ ಗಾಯಗಳನ್ನು ಕೋಶ ರಿಪೇರಿ ಮಾಡಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಒತ್ತಾಗಿ ಬಿದ್ದ ಗಾಯಗಳ ಮುಂದೆ ಅದು ತಡವರಿಸುತ್ತದೆ.

ಸಮವಾಗಿ ತಗುಲುವುದು ಯಾಕೆ ಇಷ್ಟು ಮುಖ್ಯ ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. ಬೆಳಕಿನ ವೇಗದ ಶೇ. 87ರಷ್ಟು ವೇಗದ, ಅಂದರೆ ಪ್ರತಿ ನ್ಯೂಕ್ಲಿಯಾನಿಗೆ 1 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಕಬ್ಬಿಣ, ನೀರಿನಲ್ಲಿ ಪ್ರತಿ ಮೈಕ್ರೋಮೀಟರಿಗೆ ಸುಮಾರು 150 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಬಿಟ್ಟುಹೋಗುತ್ತದೆ. 100 ಚದರ ಮೈಕ್ರೋಮೀಟರ್ ವಿಸ್ತೀರ್ಣದ ಕೋಶಕೇಂದ್ರವನ್ನು ಅಂಥ ಒಂದೇ ಕಣ ಹಾಯ್ದರೂ ಆ ಕೇಂದ್ರಕ್ಕೆ ಹತ್ತಿರ ಹತ್ತಿರ 0.24 ಗ್ರೇ ತಗುಲಿದಂತೆ. ಒಟ್ಟು ಪ್ರಮಾಣ 0.5 ಗ್ರೇ ಎಂದರೆ ಸರಾಸರಿ ಕೋಶಕ್ಕೆ ಎರಡೇ ಕಣ. ಸರಾಸರಿ ಎರಡಾದರೂ ಸಂಭವನೀಯತೆಯ ನಿಯಮದಂತೆ ನೂರರಲ್ಲಿ 13 ಕೋಶಗಳಿಗೆ ಒಂದೂ ತಗುಲುವುದಿಲ್ಲ, ಕೆಲವಕ್ಕೆ ನಾಲ್ಕೈದು ತಗುಲುತ್ತವೆ. ಪ್ರಮಾಣವನ್ನು 0.1 ಗ್ರೇಗೆ ಇಳಿಸಿದರೆ ಮೂರರಲ್ಲಿ ಎರಡು ಕೋಶಗಳು ಮುಟ್ಟಿಸಿಕೊಳ್ಳದೆ ಉಳಿಯುತ್ತವೆ. ಪ್ರಕೃತಿಯಲ್ಲೇ ಇರುವ ಈ ಏರುಪೇರನ್ನು ಯಾವ ಯಂತ್ರವೂ ತೆಗೆಯಲಾರದು. ಅದರ ಮೇಲೆ ಯಂತ್ರದ ಏರುಪೇರೂ ಸೇರಿಬಿಟ್ಟರೆ, ಅಂಚಿನ ಪಂಜರದ ಇಲಿಗೆ ನಡುವಿನ ಪಂಜರದ ಇಲಿಗಿಂತ ಕಡಿಮೆ ತಗುಲಿದ್ದರೆ, ಕೊನೆಗೆ ಕಂಡ ವ್ಯತ್ಯಾಸ ವಿಕಿರಣದ್ದೋ ಪಂಜರ ಇಟ್ಟ ಜಾಗದ್ದೋ ಹೇಳುವವರಾರು? ಕಡಿಮೆ ಪ್ರಮಾಣದ ವಿಕಿರಣದಲ್ಲಿ ನಾವು ಹುಡುಕುವ ಪರಿಣಾಮವೇ ಸಣ್ಣದು. ಅಳತೆಯ ದೋಷ ಅದನ್ನು ಸುಲಭವಾಗಿ ನುಂಗಿಹಾಕುತ್ತದೆ.

ಆದರೆ ವೇಗವರ್ಧಕದಿಂದ ಹೊರಬೀಳುವ ಪುಂಜ ಸಮವಾಗಿರುವುದಿಲ್ಲ. ನಡುವೆ ದಟ್ಟ, ಅಂಚಿನತ್ತ ಹೋದಂತೆ ವಿರಳ, ಗಾಸಿಯನ್ ಗಂಟೆಯ ಆಕಾರ. ಬೇಕಾಗಿರುವುದು 20 ಸೆಂಟಿಮೀಟರಿನ, ಕೆಲವೊಮ್ಮೆ 60 ಸೆಂಟಿಮೀಟರಿನ ಚೌಕ, ಮೂಲೆಯಿಂದ ಮೂಲೆಗೆ ಒಂದೇ ದಟ್ಟಣೆ.

ನಾಲ್ಕು ಧ್ರುವಗಳ ಕಾಂತ, ಕ್ವಾಡ್ರುಪೋಲ್, ಕಣಗಳಿಗೆ ಮಸೂರದಂತೆ ಕೆಲಸ ಮಾಡುತ್ತದೆ. ಆದರೆ ಮ್ಯಾಕ್ಸ್‌ವೆಲ್ಲನ ಸಮೀಕರಣಗಳು ಒಂದು ನಿರ್ಬಂಧ ಹಾಕುತ್ತವೆ: ಅಡ್ಡಲಾಗಿ ಕೂಡಿಸುವ ಕ್ವಾಡ್ರುಪೋಲ್ ನೆಟ್ಟಗಿನ ದಿಕ್ಕಿನಲ್ಲಿ ಚದುರಿಸಲೇಬೇಕು. ಒಂದರ ಹಿಂದೆ ಒಂದು ತಿರುವುಮುರುವಾಗಿ ಇಟ್ಟರೆ ಒಟ್ಟಾರೆ ಎರಡೂ ದಿಕ್ಕಿನಲ್ಲಿ ಕೂಡಿಸಬಹುದು ಎಂಬುದನ್ನು 1952ರಲ್ಲಿ ಇದೇ ಬ್ರೂಕ್‌ಹೇವನ್ನಿನ ಕೂರಂಟ್, ಲಿವಿಂಗ್‌ಸ್ಟನ್, ಸ್ನೈಡರ್ ತೋರಿಸಿದರು. ಅವರಿಗಿಂತ ಮೊದಲೇ ಅಥೆನ್ಸಿನಲ್ಲಿ ಲಿಫ್ಟ್‌ಗಳ ಎಂಜಿನಿಯರ್ ಆಗಿದ್ದ ನಿಕೊಲಸ್ ಕ್ರಿಸ್ಟೊಫಿಲೋಸ್ ಅದನ್ನೇ ತಾನಾಗಿ ಕಂಡುಕೊಂಡಿದ್ದ. ಯಾವ ವಿಶ್ವವಿದ್ಯಾಲಯದ ಬೆಂಬಲವೂ ಇಲ್ಲದ ಒಬ್ಬನ ಆ ಯೋಚನೆಯನ್ನು ಮೊದಲು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಕ್ವಾಡ್ರುಪೋಲುಗಳು ಪುಂಜವನ್ನು ಹಿಗ್ಗಿಸಬಲ್ಲವು, ಕುಗ್ಗಿಸಬಲ್ಲವು, ಆಕಾರ ಬದಲಿಸಲಾರವು. ಅವುಗಳ ತಳ್ಳುವ ಬಲ ಕಣ ನಡುವಿನಿಂದ ಇರುವ ದೂರಕ್ಕೆ ನೇರ ಅನುಪಾತದಲ್ಲಿರುವುದರಿಂದ ಸಣ್ಣ ಗಂಟೆ ದೊಡ್ಡ ಗಂಟೆಯಾಗುತ್ತದೆ, ಅಷ್ಟೇ. ಆಕಾರ ಬದಲಾಗಬೇಕಾದರೆ ಅನುಪಾತವನ್ನೇ ಮುರಿಯುವ ಕಾಂತ ಬೇಕು. ಎಂಟು ಧ್ರುವಗಳ ಆಕ್ಟುಪೋಲ್ ಅಂಥದ್ದು. ಅದರ ಬಲ ದೂರದ ಘನಕ್ಕೆ ತಕ್ಕಂತೆ ಏರುತ್ತದೆ: ದೂರ ಎರಡು ಪಟ್ಟಾದರೆ ಬಲ ಎಂಟು ಪಟ್ಟು. ನಡುವಿನ ಕಣಗಳಿಗೆ ಅದು ಇದ್ದೂ ಇಲ್ಲದಂತೆ, ಅಂಚಿನ ಕಣಗಳನ್ನು ಮಾತ್ರ ಹಿಡಿದು ಒಳಕ್ಕೆ ತಿರುಗಿಸುತ್ತದೆ. ಒಕ್ಕುವ ಕಣದಲ್ಲಿ ಸುರಿದ ರಾಗಿಯ ರಾಶಿಯನ್ನು ಒಣಗಿಸಲು ಹರಡುವವರು ನಡುವನ್ನು ಹೊರಕ್ಕೆಳೆದು, ಅಂಚಿಗೆ ಚೆಲ್ಲಿದ್ದನ್ನು ಹಲಗೆಯಿಂದ ಒಳಕ್ಕೆ ದೂಡಿ ಒಂದೇ ಮಟ್ಟಕ್ಕೆ ತರುವುದಿಲ್ಲವೇ, ಇಲ್ಲಿ ಕ್ವಾಡ್ರುಪೋಲ್ ಮತ್ತು ಆಕ್ಟುಪೋಲ್ ಹಂಚಿಕೊಂಡು ಮಾಡುವ ಕೆಲಸ ಅದೇ. ಈ ಉಪಾಯ 1980ರ ದಶಕದಿಂದಲೂ ಬರಹದಲ್ಲಿತ್ತು. ಅದನ್ನು ಬ್ರೂಕ್‌ಹೇವನ್ನಿನ ಸುರಂಗದಲ್ಲಿ ಕೈಗೂಡಿಸಿದ ಕೆಲಸದ ವಿವರಗಳನ್ನು ನಿಕೊಲಸ್ ಸೂಪಾಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು.

ಹೇಳಿದಷ್ಟು ಸರಳವಲ್ಲ ಅದು. ಆಕ್ಟುಪೋಲಿನಲ್ಲಿ ಅಡ್ಡ ಮತ್ತು ನೆಟ್ಟ ದಿಕ್ಕುಗಳ ಚಲನೆಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಆ ತೊಡರು ಬಿಡಿಸಲು ಮೊದಲ ಆಕ್ಟುಪೋಲನ್ನು ಪುಂಜ ಅಡ್ಡಕ್ಕೆ ಅಗಲವಾಗಿ ನೆಟ್ಟಗೆ ಕಿರಿದಾಗಿರುವ ಜಾಗದಲ್ಲೂ, ಎರಡನೆಯದನ್ನು ಅದಕ್ಕೆ ತದ್ವಿರುದ್ಧವಾದ ಜಾಗದಲ್ಲೂ ಇಡಬೇಕು. ಅಂಥ ಜಾಗಗಳು ತಾವಾಗಿ ಇರುವುದಿಲ್ಲ, ಮುಂಚಿನ ಕ್ವಾಡ್ರುಪೋಲುಗಳಿಂದ ಅವನ್ನು ಸೃಷ್ಟಿಸಬೇಕು. ಪುಂಜ ಆಕ್ಟುಪೋಲಿನ ಸರಿಯಾದ ನಡುವಿನಲ್ಲೇ ಹಾಯಬೇಕು. ಕೆಲವು ಮಿಲಿಮೀಟರ್ ಸರಿದರೂ ಸಮತಟ್ಟಾದ ಚೌಕ ಒಂದು ಕಡೆಗೆ ವಾಲುತ್ತದೆ. ಬಲ ಹೆಚ್ಚಾದರೆ ಅಂಚಿನ ಕಣಗಳು ಅತಿಯಾಗಿ ಮಡಚಿಕೊಂಡು ಚೌಕದ ಸುತ್ತ ಕೋಡು ಮೂಡುತ್ತದೆ, ಕಡಿಮೆಯಾದರೆ ಗಂಟೆಯ ಗುರುತು ಹಾಗೇ ಉಳಿಯುತ್ತದೆ. ಹೊಳೆಯುವ ತೆರೆಯ ಮೇಲೆ ಪುಂಜದ ಚಿತ್ರ ನೋಡುತ್ತ, ವಿಕಿರಣ ಅಳೆಯುವ ಅಯಾನು ಕೋಠಿಗಳ ಓದು ಹೋಲಿಸುತ್ತ, ಕಾಂತಗಳ ವಿದ್ಯುತ್ತನ್ನು ತಿದ್ದುವವರ ಕೈಚಳಕದ ಮೇಲೆ ಎಲ್ಲ ನಿಂತಿದೆ. ಜೀವವಿಜ್ಞಾನದ ಪ್ರಬಂಧಗಳಲ್ಲಿ ಅವರ ಶ್ರಮ ಬಹುಮಟ್ಟಿಗೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಇಷ್ಟು ಕಷ್ಟಪಡುವ ಬದಲು ದಾರಿಗೆ ಅಡ್ಡಲಾಗಿ ಲೋಹದ ಹಾಳೆಗಳನ್ನಿಟ್ಟು ಕಣಗಳನ್ನು ಚದುರಿಸಬಾರದೇ? ಪ್ರೋಟಾನುಗಳಿಗೆ ಹಾಗೆ ಮಾಡಿದ್ದುಂಟು. ಭಾರದ, ವೇಗದ ಅಯಾನುಗಳು ಅಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ. ಅವನ್ನು ಅರ್ಧ ಮೀಟರ್ ಅಗಲಕ್ಕೆ ಚದುರಿಸಲು ದಪ್ಪ ತಡೆ ಬೇಕು. ಆ ತಡೆಯಲ್ಲಿ ಕಬ್ಬಿಣದ ನ್ಯೂಕ್ಲಿಯಸ್ಸುಗಳು ಒಡೆದು ಮ್ಯಾಂಗನೀಸ್, ಕ್ರೋಮಿಯಂ, ಇನ್ನೂ ಹಗುರವಾದ ಚೂರುಗಳಾಗುತ್ತವೆ, ಶಕ್ತಿಯೂ ಇಳಿಯುತ್ತದೆ. ಕಬ್ಬಿಣ ಕೊಟ್ಟೆವೆಂದು ಬರೆದುಕೊಂಡು ಕಬ್ಬಿಣದ ಪುಡಿ ಕೊಟ್ಟಂತಾಗುತ್ತದೆ. ಅಂಚುಗಳನ್ನು ಲೋಹದ ಗೋಡೆಯಿಂದ ಕತ್ತರಿಸಿದರೆ ಅಲ್ಲಿಂದ ನ್ಯೂಟ್ರಾನುಗಳು ಎದ್ದು ಬರುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವಂತೆ ಸಣ್ಣ ಪುಂಜವನ್ನು ಸಾಲುಸಾಲಾಗಿ ಓಡಿಸುವ ವಿಧಾನ ಶುದ್ಧವಾದದ್ದೇ. ಆದರೆ ಯಾವುದೇ ಒಂದು ಬಿಂದುವಿನ ಮೇಲೆ ಕಣಗಳು ಅರೆಕ್ಷಣ ಧಾರೆಯಾಗಿ ಸುರಿದು ಮುಂದೆ ಹೋಗುತ್ತವೆ. ಆಕ್ಟುಪೋಲಿನ ದಾರಿಯಲ್ಲಿ ಪುಂಜವನ್ನು ಹರಡಲು ಯಾವ ತಡೆಯೂ ಬೇಕಿಲ್ಲದೆ, ಚೌಕದ ಎಲ್ಲ ಮೂಲೆಗಳಿಗೂ ಒಟ್ಟಿಗೇ ಕಣಗಳು ಬೀಳುತ್ತವೆ. ಈ ಶುದ್ಧತೆಗಾಗಿಯೇ ಆ ಶ್ರಮ ಸಾರ್ಥಕ.

2018ರ ಹೊತ್ತಿಗೆ ಬ್ರೂಕ್‌ಹೇವನ್ನಿನಲ್ಲಿ ಗ್ಯಾಲಕ್ಸಿಯ ಕಾಸ್ಮಿಕ್ ಕಿರಣಗಳ ಪೂರ್ಣ ಅನುಕರಣೆ ಶುರುವಾಯಿತು. ಪ್ರೋಟಾನ್, ಹೀಲಿಯಂ, ಕಾರ್ಬನ್, ಆಕ್ಸಿಜನ್, ಸಿಲಿಕಾನ್, ಟೈಟಾನಿಯಂ, ಕಬ್ಬಿಣ, ಈ ಏಳು ಬಗೆಯ ಅಯಾನುಗಳನ್ನು ಬೇರೆಬೇರೆ ಶಕ್ತಿಗಳಲ್ಲಿ, ಒಟ್ಟು 33 ಪುಂಜಗಳಾಗಿ ಒಂದರ ಹಿಂದೊಂದು ಕೊಡುತ್ತಾರೆ. ಅನುಕರಿಸುವುದು ಬರಿಯ ಅಂತರಿಕ್ಷದ ವಿಕಿರಣವನ್ನಲ್ಲ. ನೌಕೆಯ ಗೋಡೆ ದಾಟಿ, ಮನುಷ್ಯ ದೇಹದ ಒಳಗಿನ ಅಂಗಗಳನ್ನು ತಲುಪುವ ಹೊತ್ತಿಗೆ ಅದು ಯಾವ ರೂಪ ತಾಳಿರುತ್ತದೋ ಅದನ್ನು. ಪುಟ್ಟ ಇಲಿಯ ಮೈಯಲ್ಲಿ ಮನುಷ್ಯನ ಮೈಯಷ್ಟು ಮರೆಯಿಲ್ಲವಾದ್ದರಿಂದ ಈ ತಿದ್ದುಪಡಿ ಬೇಕೇ ಬೇಕು, ಮತ್ತು ಬಹಳ ಯೋಚಿಸಿ ಮಾಡಿದ್ದು. ಪೂರ್ತಿ ಸರಣಿ ಒಂದೇ ಸಲಕ್ಕೆ ಸುಮಾರು 75 ನಿಮಿಷದಲ್ಲಿ ಮುಗಿಯುತ್ತದೆ, ಅಥವಾ ನಾಲ್ಕು ವಾರಗಳಿಗೆ ಹಂಚಿ ಕೊಡಲಾಗುತ್ತದೆ. ಪುಂಜ ಬದಲಾದಾಗಲೆಲ್ಲ ಕಾಂತಗಳೂ ಬದಲಾಗಬೇಕು: ನಾನು ಹಿಂದೆ ಹೇಳಿದ ಕಬ್ಬಿಣವನ್ನು ಬಾಗಿಸಲು ಬೇಕಾದ ಕಾಂತಬಲ, 100 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಪ್ರೋಟಾನಿಗೆ ಬೇಕಾದದ್ದಕ್ಕಿಂತ ಹೆಚ್ಚುಕಡಿಮೆ ಎಂಟು ಪಟ್ಟು. ಹಾಗೆ ಏರಿಳಿಸಿದ ಪ್ರತಿ ಸಲವೂ ಚೌಕ ಅದೇ ಚೌಕವಾಗಿ ಮರಳಬೇಕು.

ಈ ವಿಧಾನಕ್ಕೆ ಎದುರು ವಾದವಿದೆ, ಅದು ಹಗುರವಾದದ್ದಲ್ಲ. ಭಾರದ ಅಯಾನಿನ ಒಂದೇ ಪುಂಜವನ್ನು ಜಾಣತನದಿಂದ ವಿನ್ಯಾಸ ಮಾಡಿದ ತಡೆಯೊಂದಕ್ಕೆ ಹಾಯಿಸಿದರೆ, ಅದು ಒಡೆದು ಹುಟ್ಟುವ ಚೂರುಗಳೇ ಅಂತರಿಕ್ಷದ ಮಿಶ್ರಣವನ್ನು ಹೋಲುವಂತೆ ಮಾಡಬಹುದು ಎನ್ನುವವರಿದ್ದಾರೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಕೇಂದ್ರ ಯುರೋಪಿನ ಅಂತರಿಕ್ಷ ಸಂಸ್ಥೆಯ ಜೊತೆಗೂಡಿ, ಕಬ್ಬಿಣದ ಪುಂಜದ ಶಕ್ತಿಯನ್ನು ಬದಲಿಸುತ್ತ ಮುಂದೆ ಬೇರೆಬೇರೆ ತಡೆಗಳನ್ನಿಡುವ ಎರಡೂ ಬೆರೆತ ದಾರಿ ಹಿಡಿದಿದೆ. ಇದರಲ್ಲಿ ಎಲ್ಲ ಕಣಗಳೂ ಒಟ್ಟಿಗೆ ಬರುತ್ತವೆ, ಅಂತರಿಕ್ಷದಲ್ಲಿ ಬರುವ ಹಾಗೆಯೇ. 33 ಪುಂಜಗಳ ಸರಣಿಯಲ್ಲಿ ಮೊದಲು ಇದು, ಆಮೇಲೆ ಅದು ಎಂಬ ಕೃತಕ ಕ್ರಮವಿದೆ. ಎಲೆಕ್ಟ್ರಾನಿಕ್ ಭಾಗಗಳ ಪರೀಕ್ಷೆಗೆ, ರಕ್ಷಾಕವಚದ ವಸ್ತುಗಳ ಪರೀಕ್ಷೆಗೆ ತಡೆಯ ದಾರಿ ಒಳ್ಳೆಯದೆಂದೇ ನಾನೂ ಒಪ್ಪುತ್ತೇನೆ. ಎರಡು ಖಂಡಗಳಲ್ಲಿ ಎರಡು ವಿಧಾನಗಳಿದ್ದರೆ ಒಂದರ ತಪ್ಪನ್ನು ಇನ್ನೊಂದು ಹಿಡಿಯಬಲ್ಲದು ಎಂಬ ಲಾಭವೂ ಇದೆ.

ಆದರೂ ಜೀವಿಗಳ ಮೇಲಿನ ಪ್ರಯೋಗಕ್ಕೆ ನನ್ನ ಒಲವು ಶುದ್ಧ ಪುಂಜಗಳತ್ತ. ಮಿಶ್ರಣ ಕೊಟ್ಟಾಗ ಇಲಿಯ ನೆನಪಿನ ಶಕ್ತಿ ಕುಂದಿತೆಂದುಕೊಳ್ಳಿ, ಮಿಶ್ರಣದ ಯಾವ ಅಂಶದಿಂದ ಕುಂದಿತು? ಬೇರೆಬೇರೆಯಾಗಿ ಕೊಡುವ ವ್ಯವಸ್ಥೆಯಲ್ಲಿ ಒಂದು ಅಯಾನನ್ನು ಕೈಬಿಟ್ಟು ಮತ್ತೆ ನೋಡಬಹುದು. ಕ್ರಮ ಕೃತಕ, ಸರಿ. ಆದರೆ ಕ್ರಮ ತಿಳಿದಿರುವುದರಿಂದ ಅದನ್ನು ತಿರುಗಿಸಿಯೂ ನೋಡಬಹುದು, ಫಲಿತಾಂಶ ಬದಲಾದರೆ ಅದೇ ಹೊಸ ಅರಿವು. ತಡೆಯಲ್ಲಿ ಹುಟ್ಟುವ ಚೂರುಗಳ ಪ್ರಮಾಣ ತಡೆಯಿಂದ ಎಷ್ಟು ದೂರ, ನಡುವಿನಿಂದ ಎಷ್ಟು ಪಕ್ಕಕ್ಕೆ ಎಂಬುದರ ಮೇಲೆ ಬದಲಾಗುತ್ತದೆ. ಹಗುರ ಚೂರುಗಳು ಅಗಲಕ್ಕೆ ಚದುರುತ್ತವೆ, ಭಾರದವು ನಡುವಿನಲ್ಲೇ ಉಳಿಯುತ್ತವೆ. ಎಲ್ಲ ಪಂಜರಗಳಿಗೂ ಒಂದೇ ಅಂತರಿಕ್ಷ ಸಿಗುತ್ತಿದೆಯೇ ಎಂಬ ಹಳೆಯ ಪ್ರಶ್ನೆ ಅಲ್ಲಿ ಮತ್ತೆ ತಲೆ ಎತ್ತುತ್ತದೆ.

ಎಷ್ಟೇ ಒಳ್ಳೆಯ ಕಾಂತವೂ ಪರಿಹರಿಸಲಾರದ ತೊಂದರೆ ಕಾಲದ್ದು. ಅಂತರಿಕ್ಷದಲ್ಲಿ ಒಂದು ಕೋಶವನ್ನು ಪ್ರೋಟಾನ್ ಹಾಯುವುದು ಕೆಲವು ದಿನಗಳಿಗೊಮ್ಮೆ, ಹೀಲಿಯಂ ಕೆಲವು ವಾರಗಳಿಗೊಮ್ಮೆ, ಭಾರದ ಅಯಾನು ಕೆಲವು ತಿಂಗಳುಗಳಿಗೊಮ್ಮೆ. ನಡುವಿನ ಬಿಡುವಿನಲ್ಲಿ ಕೋಶ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ, ಅಥವಾ ತಪ್ಪಾಗಿ ರಿಪೇರಿ ಮಾಡಿಕೊಂಡು ಆ ತಪ್ಪನ್ನು ಮರಿಕೋಶಗಳಿಗೆ ದಾಟಿಸುತ್ತದೆ. ಮೂರು ವರ್ಷದ್ದನ್ನು 75 ನಿಮಿಷಕ್ಕೆ ಇಳಿಸಿದಾಗ ಈ ಬಿಡುವು ಇಲ್ಲವಾಗುತ್ತದೆ. ನಾಲ್ಕು ವಾರಕ್ಕೆ ಹಂಚಿದರೆ ಸ್ವಲ್ಪ ವಾಸಿ. ಅದಕ್ಕಿಂತ ಹೆಚ್ಚು ಎಳೆಯುವುದು ಕಷ್ಟ: ಇಲಿಯ ಆಯಸ್ಸೇ ಎರಡು ಮೂರು ವರ್ಷ, ವೇಗವರ್ಧಕದ ಗಂಟೆಗಳು ದುಬಾರಿ, ಅದಕ್ಕಾಗಿ ಕಾಯುವ ತಂಡಗಳು ಹಲವು. ಇಲ್ಲಿ ಅನುಕರಣೆ ಸೋಲುತ್ತದೆ ಎಂದು ನೇರವಾಗಿ ಹೇಳಬೇಕು. ಈ ಸೋಲನ್ನು ತೋರಿಸಿ ಇಡೀ ಪ್ರಯತ್ನವೇ ವ್ಯರ್ಥ ಎನ್ನುವವರ ಜೊತೆ ನನಗೆ ಸಹಮತವಿಲ್ಲ. ಒಂದೇ ಏಟಿಗೆ ಕೊಟ್ಟಾಗ ಏನಾಯಿತು, ನಾಲ್ಕು ವಾರಕ್ಕೆ ಹಂಚಿದಾಗ ಏನಾಯಿತು ಎಂಬ ಎರಡು ಬಿಂದುಗಳು ಸಿಕ್ಕರೆ ಮೂರು ವರ್ಷದತ್ತ ಗೆರೆ ಎಳೆಯಲು ಒಂದು ಆಧಾರವಾದರೂ ಸಿಗುತ್ತದೆ. ಎರಡೂ ಸಲ ಪುಂಜ ಅದೇ ಆಗಿತ್ತು, ಪ್ರಮಾಣ ಅಷ್ಟೇ ಇತ್ತು, ಬದಲಾದದ್ದು ಕಾಲ ಮಾತ್ರ ಎಂದು ಎದೆ ತಟ್ಟಿ ಹೇಳಲು ಸಾಧ್ಯವಿದ್ದರೆ ಮಾತ್ರ.

ಕಾಸ್ಮಿಕ್ ಕಿರಣಗಳ ಜೊತೆ ಕರ್ನಾಟಕದ ನಂಟು ಹಳೆಯದು. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ಹೋಮಿ ಭಾಭಾ ಅವುಗಳ ಅಧ್ಯಯನಕ್ಕೆ ಬುನಾದಿ ಹಾಕಿದರು. ಆಮೇಲೆ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕಿದ ಬಂಡೆಯ ಕೆಳಗೆ ಉಪಕರಣ ಇಟ್ಟು, 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿಯಲಾಯಿತು. ಬೇಡದ ಕಣಗಳನ್ನೆಲ್ಲ ಬಂಡೆಯೇ ಸೋಸಿ ತೆಗೆದದ್ದರಿಂದ ಆ ಫಲಿತಾಂಶವನ್ನು ಜಗತ್ತು ನಂಬಿತು. ಈಗ ಮಾನವಸಹಿತ ಅಂತರಿಕ್ಷಯಾನ ಕೇಂದ್ರ ಬೆಂಗಳೂರಿನಲ್ಲೇ ಇದೆ. 2035ರ ಹೊತ್ತಿಗೆ ಸ್ವಂತ ಅಂತರಿಕ್ಷ ನಿಲ್ದಾಣ, 2040ರ ಹೊತ್ತಿಗೆ ಚಂದ್ರನ ಮೇಲೆ ಭಾರತೀಯರು ಎಂಬ ಗುರಿಗಳು ಘೋಷಣೆಯಾಗಿವೆ. ಗಗನಯಾನ ಭೂಮಿಯ ಕಾಂತಕ್ಷೇತ್ರದ ಮರೆಯಲ್ಲೇ ಸುತ್ತಿ ಬರುವ ಯಾನ. ಚಂದ್ರಯಾನಿಗೆ ಆ ಮರೆ ಇರುವುದಿಲ್ಲ.

ಭಾರದ ಅಯಾನುಗಳಿಗೆ ಪ್ರತಿ ನ್ಯೂಕ್ಲಿಯಾನಿಗೆ ನೂರಾರು ಮೆಗಾ ಎಲೆಕ್ಟ್ರಾನ್‌ವೋಲ್ಟ್ ಕೊಡುವ ಸಿಂಕ್ರೊಟ್ರಾನ್ ನಮ್ಮಲ್ಲಿಲ್ಲ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪೆಲೆಟ್ರಾನ್ ಕೊಡುವ ಭಾರದ ಅಯಾನುಗಳು ಜೀವಕೋಶಗಳ ಒಂದು ತೆಳು ಪದರವನ್ನು, ಮುಚ್ಚಳ ತೆಗೆದ ಎಲೆಕ್ಟ್ರಾನಿಕ್ ಚಿಪ್ಪನ್ನು ಪರೀಕ್ಷಿಸಲು ಸಾಕು. ಇಲಿಯ ಮೈಯನ್ನು ಹಾಯ್ದುಹೋಗುವಷ್ಟು ಶಕ್ತಿ ಅವಕ್ಕಿಲ್ಲ. ದೊಡ್ಡ ಯಂತ್ರ ಕಟ್ಟಲು ದಶಕಗಳೇ ಹಿಡಿದಾವು. ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಕಣ್ಣೆದುರಿಗೇ ಇದೆ. ಚೆನ್ನೈಯಲ್ಲಿ 2019ರಿಂದ, ಆನಂತರ ಮುಂಬಯಿಯ ಬಳಿಯ ಖಾರ್‌ಘರ್‌ನಲ್ಲಿ ಪ್ರೋಟಾನ್ ಚಿಕಿತ್ಸೆಯ ಯಂತ್ರಗಳು ಕ್ಯಾನ್ಸರ್ ರೋಗಿಗಳಿಗಾಗಿ ಕೆಲಸ ಮಾಡುತ್ತಿವೆ. ಅಮೆರಿಕದಲ್ಲಿ ಅಂಥ ಕೇಂದ್ರಗಳು ಚಿಕಿತ್ಸೆಯ ವೇಳೆ ಮುಗಿದ ಮೇಲೆ ಉಪಗ್ರಹದ ಬಿಡಿಭಾಗಗಳ ಪರೀಕ್ಷೆಗೆ ಪುಂಜ ಕೊಡುತ್ತವೆ. ಕಾಸ್ಮಿಕ್ ಕಿರಣಗಳಲ್ಲಿ ಶೇ. 87 ಪ್ರೋಟಾನುಗಳೇ, ಸೌರಸ್ಫೋಟದಲ್ಲಿ ಹೊಮ್ಮುವುದೂ ಬಹುಪಾಲು ಅವೇ. ರೋಗಿಗಳಿಗೆ ಎಳ್ಳಷ್ಟೂ ಅಡಚಣೆಯಾಗದಂತೆ ರಾತ್ರಿಯ ಕೆಲವು ಗಂಟೆಗಳನ್ನು ಇಂಥ ಪರೀಕ್ಷೆಗಳಿಗೆ ಮೀಸಲಿಟ್ಟರೆ, ಪುಂಜವನ್ನು ಅಗಲಿಸುವುದು, ಸಮಗೊಳಿಸುವುದು, ಅಳೆದು ನಂಬುವುದು ಇವನ್ನೆಲ್ಲ ಕೈಯಾರೆ ಮಾಡಿ ಕಲಿತ ಒಂದು ತಲೆಮಾರು ತಯಾರಾಗುತ್ತದೆ. ಭಾರದ ಅಯಾನುಗಳಿಗಾಗಿ ಬ್ರೂಕ್‌ಹೇವನ್ನಿಗೋ ಡಾರ್ಮ್‌ಸ್ಟಾಟಿಗೋ ನಮ್ಮ ಜೀವವಿಜ್ಞಾನಿಗಳು ಹೋಗುವಾಗ ಆ ತಲೆಮಾರಿನ ಒಬ್ಬರಾದರೂ ಜೊತೆಗಿರಬೇಕು. ಅಲ್ಲಿಂದ ಬರುವ ಪ್ರತಿ ಪ್ರಬಂಧದಲ್ಲೂ ಚೌಕದ ದಟ್ಟಣೆಯ ನಕ್ಷೆ, ಪುಂಜಗಳ ಕ್ರಮ, ಕೊಟ್ಟ ಗಂಟೆಗಳು, ಯಾವ ಪಂಜರ ಎಲ್ಲಿತ್ತು ಎಂಬ ಪಟ್ಟಿ ಇಲಿಗಳ ಫಲಿತಾಂಶದಷ್ಟೇ ವಿವರವಾಗಿ ಅಚ್ಚಾಗಬೇಕು.